ಮಹಿಳಾ ಕಾಲೇಜಿನ ಬಾಗಿಲು ಅವರಿಗೂ ತೆರೆಯಲಿ

ಹುಣ್ಣಿಮೆ ಬಂತೆಂದರೆ ಹನುಮನಹಳ್ಳಿಯ ನಾವು ಹೆಂಗಸರು ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುತ್ತೇವೆ. ಗಂಡಾಗಿ ಹುಟ್ಟಿ, ದೇವಿಯ ಸೇವೆಗೆ ನಿಂತು ಹೆಣ್ಣಾಗಿ ಬದುಕುವ ಜೋಗಪ್ಪಗಳ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಕಾಲಿಗೆ ಬೀಳುತ್ತೇವೆ. ಅವರಲ್ಲೊಬ್ಬರು ಮಹಿಳಾ ಕಾಲೇಜಿಗೆ ಅರ್ಜಿ ಹಿಡಿದು ಬಂದರೆ ಒಳಗೆ ಬಿಡುತ್ತೇವೆಯೇ? ಅವರಂತೆಯೇ ಹೆಣ್ಣಾಗಿ ಬದುಕುವ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟಿದ್ದು ಇದೇ ಹುಲಿಗಿಯಲ್ಲಿ. ಭಿಕ್ಷೆ ಬೇಡಿ, ಕುಣಿದು ಬದುಕಿದ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಮುಂದಿನವರಾದರೂ ಓದಿ ಬದುಕಲಿ.

2014ರ ಸುಪ್ರೀಂ ಕೋರ್ಟ್ ತೀರ್ಪು ಲಿಂಗದ ಗುರುತನ್ನು ಆಯಾ ವ್ಯಕ್ತಿಗೇ ಬಿಟ್ಟಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ಅವರ ವಿರುದ್ಧ ತಾರತಮ್ಯ ನಿಷೇಧಿಸಿತು. ಹಾಸ್ಟೆಲ್, ಶೌಚಾಲಯದ ಬಗ್ಗೆ ಹೆತ್ತವರಿಗೆ ಅಳುಕಿರಬಹುದು. ನನಗೂ ಓದುವ ಮಗಳಿದ್ದಾಳೆ. ಚಿಲಕವಿರುವ ಒಂದು ಕೋಣೆಯಿಂದ ಬಗೆಹರಿಯುವುದಕ್ಕೆ ಕಾಲೇಜಿನ ಬಾಗಿಲನ್ನೇ ಮುಚ್ಚುವುದು ಅನ್ಯಾಯ. ಹೆಣ್ಣಾಗಿ ಬದುಕುವ ಲಿಂಗತ್ವ ಅಲ್ಪಸಂಖ್ಯಾತರಿಗೂ ಪ್ರವೇಶ ಕೊಡಿ ಎಂದು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಈ ವರ್ಷವೇ ಸುತ್ತೋಲೆ ಕಳಿಸಲಿ.