ಹೆಸರಘಟ್ಟಕ್ಕೆ ಬನ್ನಿ, ಗಾಡಿ ಟಾರು ರಸ್ತೆಯಲ್ಲೇ ಇರಲಿ

ಭಾನುವಾರ ಬೆಳಗಾದರೆ ಬೆಂಗಳೂರಿನಿಂದ ಹೆಸರಘಟ್ಟದ ಕಡೆಗೆ ಹೊರಡುವ ಎಲ್ಲರಲ್ಲೂ ಒಂದು ಕೋರಿಕೆ. ಬರಬೇಡಿ ಎನ್ನುತ್ತಿಲ್ಲ. ಧಾರಾಳವಾಗಿ ಬನ್ನಿ, ಮಕ್ಕಳನ್ನೂ ಕರೆತನ್ನಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿನ ಕುಡಿಯುವ ನೀರಿಗೆಂದು ಅರ್ಕಾವತಿ ನದಿಗೆ ಅಡ್ಡ ಕಟ್ಟಿದ ಕೆರೆ ಇಲ್ಲಿದೆ. ಏರಿಯ ಮೇಲೆ ನಡೆಯಿರಿ, ಊರೊಳಗೆ ತಿಂಡಿ ತಿನ್ನಿ. ಆದರೆ ಕಾರು, ಬೈಕು, ಜೀಪು ಯಾವುದನ್ನೂ ಟಾರು ರಸ್ತೆಯಿಂದ ಹುಲ್ಲಿಗೆ ಇಳಿಸಬೇಡಿ.

ಮರವಿಲ್ಲದ ಬಯಲು ಕಂಡರೆ ಖಾಲಿ ಜಾಗ ಎಂದುಕೊಳ್ಳುವುದು ನಮ್ಮ ಅಭ್ಯಾಸ. ಹೆಸರಘಟ್ಟದ ಈ ಹುಲ್ಲುಬಯಲಿನಲ್ಲಿ ಟಿಟ್ಟಿಭ, ನೆಲಗುಬ್ಬಿ, ಗೌಜಲಕ್ಕಿಗಳು ಮೊಟ್ಟೆ ಇಡುವುದು ನೆಲದ ಮೇಲೆಯೇ. ಟಿಟ್ಟಿಭದ ಗೂಡನ್ನು ಗೂಡೆನ್ನಲೂ ಬಾರದು: ಸಣ್ಣ ಕುಳಿ, ಸುತ್ತ ನಾಲ್ಕು ಕಲ್ಲುಚೂರು, ನಡುವೆ ಮಣ್ಣಿನ ಬಣ್ಣದ ಚುಕ್ಕೆ ಮೊಟ್ಟೆಗಳು. ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ, ಇನ್ನು ಸ್ಟೀರಿಂಗ್ ಹಿಡಿದವರಿಗೆ ಕಂಡೀತೆ? ಬೇಸಿಗೆಯಲ್ಲಿ ತಲೆಯ ಮೇಲೆ ಸುತ್ತುತ್ತ ಹಕ್ಕಿ ಒಂದೇ ಸಮನೆ ಕಿರುಚುತ್ತಿದ್ದರೆ ಮರಿಯೋ ಮೊಟ್ಟೆಯೋ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ. ಫೋಟೋ ಬೇಡ. ಚಳಿಗಾಲಕ್ಕೆ ಬಹುದೂರದಿಂದ ಬರುವ ಹ್ಯಾರಿಯರ್ ಗಿಡುಗಗಳೂ ರಾತ್ರಿ ತಂಗುವುದು ಈ ಹುಲ್ಲಿನೊಳಗೇ. ಸಂಜೆ ಕಳೆದ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಅಲ್ಲಿ ಸುತ್ತಿದರೆ ಅವುಗಳಿಗೆ ನೆಲೆಯಿಲ್ಲ.

ಚಕ್ರ ಹರಿದಲ್ಲಿ ಮಣ್ಣು ಗಟ್ಟಿಯಾಗುತ್ತದೆ. ಮಳೆನೀರು ಇಂಗದೆ ಆ ಜಾಡಿನಲ್ಲೇ ಕೊಚ್ಚಿಕೊಂಡು ಹೋಗುತ್ತದೆ, ಹುಲ್ಲು ಮತ್ತೆ ಚಿಗುರುವುದು ಕಷ್ಟ. ಒಂದು ಜಾಡು ಕಂಡರೆ ಹಿಂದಿನಿಂದ ಬಂದವರೂ ಅದನ್ನೇ ದಾರಿ ಎಂದುಕೊಳ್ಳುತ್ತಾರೆ. ಮದುವೆಗೆ ಮುಂಚಿನ ಫೋಟೋ ಶೂಟ್‌ಗೆ ಬರುವ ಜೋಡಿಗಳೇ, ರಸ್ತೆಯಂಚಿನಲ್ಲಿ ನಿಂತರೂ ಹಿನ್ನೆಲೆಗೆ ಅದೇ ಬಯಲು, ಅದೇ ಆಕಾಶ ಸಿಗುತ್ತದೆ!

ಒಳ್ಳೆಯ ಮನಸ್ಸಿನವರಿಗೂ ಒಂದು ಮಾತು. ಬೀಜದುಂಡೆ ಎಸೆಯಬೇಡಿ, ಸಸಿ ನೆಡಬೇಡಿ. ಹುಲ್ಲುಗಾವಲಿಗೆ ಮರ ಬೇಕಿಲ್ಲ, ಮರ ಎದ್ದರೆ ಬಯಲಿನ ಹಕ್ಕಿಗೆ ಜಾಗ ಹೋಗುತ್ತದೆ. ಸಾಕುನಾಯಿಯ ಹಗ್ಗ ಕೈಯಲ್ಲೇ ಇರಲಿ. ಉಳಿದ ಅನ್ನ, ಬಿರಿಯಾನಿಯನ್ನು ಅಲ್ಲೇ ಸುರಿದರೆ ಬೀದಿನಾಯಿಗಳು ಬೀಡುಬಿಟ್ಟು ಮೊಟ್ಟೆ, ಮರಿಗಳಿಗೂ ಬಾಯಿ ಹಾಕುತ್ತವೆ. ಡಬ್ಬಿ ಕಟ್ಟಿ ಮನೆಗೇ ಒಯ್ಯಿರಿ.

ಹೋರಾಟಗಾರರು ವರ್ಷಗಟ್ಟಲೆ ಬೇಡಿದ ಮೇಲೆ, 2024ರಲ್ಲಿ ಈ ಸೀಮೆಯ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಸರ್ಕಾರದ ಕಾಗದ ಅಷ್ಟು ದೂರ ಬಂದಿದೆ. ಬಯಲಿನ ಮೂಲೆಮೂಲೆಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸಲು ಮಾತ್ರ ಯಾವ ಇಲಾಖೆಗೂ ಆಗದು. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು: ಬಸ್ಸಿನಲ್ಲಿ ಬನ್ನಿ, ಇಲ್ಲವೇ ಗಾಡಿಯನ್ನು ಊರಲ್ಲಿ ನಿಲ್ಲಿಸಿ ಕಾಲುದಾರಿ ಹಿಡಿಯಿರಿ. ದನ ಮೇಯಿಸುವವರು ಎದುರಾದರೆ ದಾರಿ ಬಿಡಿ, ಕೇಳದೆ ಅವರತ್ತ ಕ್ಯಾಮೆರಾ ತಿರುಗಿಸಬೇಡಿ. ಬೇಸಿಗೆಯ ಒಣಹುಲ್ಲಿಗೆ ಬೆಂಕಿ ಹತ್ತಲು ಒಂದು ಬೀಡಿ ತುಂಡು ಸಾಕು. ಹೊಗೆ ಕಂಡರೆ ವಿಡಿಯೋ ಮಾಡುತ್ತ ನಿಲ್ಲದೆ ಮೊದಲು 112ಕ್ಕೆ ಕರೆ ಮಾಡಿ.