ಆಡಿ ದಣಿದವನು ಕಲಿಸಲು ನಿಂತಾಗ

ಗಿರಣಿಯಲ್ಲಿ ಇಪ್ಪತ್ತೈದು ವರ್ಷ ದುಡಿದ ಮೇಸ್ತ್ರಿಗೆ ಯಂತ್ರದ ಸದ್ದಿನಲ್ಲೇ ಅದರ ರೋಗ ತಿಳಿಯುತ್ತದೆ. ಎಲ್ಲಿ ನೂಲು ಕಡಿಯಲಿದೆ, ಎಲ್ಲಿ ಎಣ್ಣೆ ಒಣಗಿದೆ ಎಂಬುದನ್ನು ಅವನು ಪುಸ್ತಕ ನೋಡಿ ಹೇಳುವುದಿಲ್ಲ. ಕಣ್ಣು ಮಂದವಾಗಿ ಕೈ ಸೋಲುವ ಹೊತ್ತಿಗೇ ಅವನ ತಿಳಿವಳಿಕೆ ಪಕ್ವವಾಗಿರುತ್ತದೆ. ಅವನ ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಆ ವಿದ್ಯೆ ಗಿರಣಿಯಲ್ಲಿ ಉಳಿಯುತ್ತದೆ. ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಟ್ಟರೆ ಅವನೊಂದಿಗೇ ಗೇಟು ದಾಟಿ ಹೋಗುತ್ತದೆ.

ಈ ಮಾತು ಗಿರಣಿಗೆ ಎಷ್ಟು ಸತ್ಯವೋ ಆಟದ ಬಯಲಿಗೂ ಅಷ್ಟೇ ಸತ್ಯ. ಆಟಗಾರನೂ ಮೈಯನ್ನೇ ಬಂಡವಾಳ ಮಾಡಿಕೊಂಡ ದುಡಿಮೆಗಾರ. ಗಿರಣಿಯವನ ಮೈ ಐವತ್ತೆಂಟು ಅರವತ್ತಕ್ಕೆ ಸೋತರೆ ಆಟಗಾರನದು ಮೂವತ್ತು ಮೂವತ್ತೈದಕ್ಕೇ ಸೋಲುತ್ತದೆ. ಆಮೇಲೆ ಅವನ ಬದುಕೇನು? ಅವನು ಕಲಿತದ್ದು ಯಾರಿಗೆ ಸೇರಬೇಕು? ಪಕ್ಷದ ಪತ್ರಿಕೆಗೆ ಆಟದ ಉಸಾಬರಿ ಯಾಕೆ ಎಂದು ಅಂಗಡಿ ಬೀದಿಯ ಮಿತ್ರರು ಕೇಳಬಹುದು. ಆಡುವ ಮಕ್ಕಳು ನಿಮ್ಮವೇ, ಕಲಿಸುವವನಿಗೆ ಸಂಬಳ ಕೊಡುವ ಹಣವೂ ನಿಮ್ಮ ತೆರಿಗೆಯದೇ. ಅದಕ್ಕಾಗಿಯೇ ಈ ವಾರ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ.

ನಮ್ಮ ನಾಡಿನದೇ ಒಂದು ಬಾಳನ್ನು ಮೊದಲು ನೋಡೋಣ. ಕೊಡಗಿನ ಎಂ. ಪಿ. ಗಣೇಶ್ ಅವರ ಹೆಸರನ್ನು ಹಿರಿಯ ವಾಚಕರು ಬಲ್ಲರು. ಕಾಲ್ಚೆಂಡು ಆಡುತ್ತಿದ್ದ ಹುಡುಗ, ಸೈನ್ಯ ಸೇರಿದ ಮೇಲೆ ಹಾಕಿ ಕೋಲು ಹಿಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರಲ್ಲಿ ಹಾಲೆಂಡಿನಲ್ಲಿ ನಡೆದ ವಿಶ್ವಕಪ್ಪಿಗೆ ಭಾರತ ತಂಡದ ನಾಯಕರಾದರು. ಅಂತಿಮ ಪಂದ್ಯದಲ್ಲಿ ಭಾರತ ಎರಡು ಗೋಲುಗಳಿಂದ ಮುಂದಿತ್ತು. ಹಾಲೆಂಡಿನವರು ಎರಡನ್ನೂ ತೀರಿಸಿದರು. ಹೆಚ್ಚುವರಿ ಆಟದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆದವರು ಕೊಡಗಿನವರೇ ಆದ ಬಿ. ಪಿ. ಗೋವಿಂದ. ಚೆಂಡು ಒಳಗೆ ಹೋಗಿದ್ದರೆ ವಿಶ್ವಕಪ್ಪು ನಮ್ಮದು. ಹೋಗಲಿಲ್ಲ. ಕೊನೆಗೆ ಸ್ಟ್ರೋಕುಗಳಲ್ಲೇ ಸೋತು ಬೆಳ್ಳಿಗೆ ತೃಪ್ತಿಪಡಬೇಕಾಯಿತು.

ಆ ಒಂದು ತಪ್ಪಿಗಾಗಿ ಗೋವಿಂದರನ್ನು ಮನೆಗೆ ಕಳುಹಿಸಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ಪು ಗೆದ್ದಾಗ ಅವರು ತಂಡದಲ್ಲಿದ್ದರು. ಎರಡು ವರ್ಷ ಹಿಂದೆ ನಾಯಕರಾಗಿದ್ದ ಗಣೇಶ್ ಇರಲಿಲ್ಲ. ಆಟದ ಬದುಕು ಇಷ್ಟೇ ಚಿಕ್ಕದು. ಇಂದು ಮೆರವಣಿಗೆಯ ಮುಂದೆ ನಿಂತವನು ನಾಳೆ ರಸ್ತೆಯ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಬೇಕಾಗುತ್ತದೆ.

ಆದರೆ ಗಣೇಶರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಕಲಿಸುವವರಾದರು, ದೇಶದ ತಂಡಕ್ಕೇ ತರಬೇತುದಾರರಾದರು. 1989ರ ಡಿಸೆಂಬರಿನಲ್ಲಿ ದೆಹಲಿಯ ಏಷ್ಯಾ ಕಪ್ಪಿನಲ್ಲಿ ಅವರ ಹುಡುಗರು ಬೆಳ್ಳಿ ಗೆದ್ದರು. 1990ರ ಫೆಬ್ರವರಿಯಲ್ಲಿ ಲಾಹೋರಿನ ವಿಶ್ವಕಪ್ಪಿನಲ್ಲಿ ಹನ್ನೆರಡು ತಂಡಗಳ ಪೈಕಿ ಭಾರತ ಹತ್ತನೆಯದಾಯಿತು. ನಡುವೆ ಇದ್ದದ್ದು ಎರಡು ತಿಂಗಳು. ಅದೇ ಗುರು, ಅದೇ ವಿದ್ಯೆ. ಡಿಸೆಂಬರಿನಲ್ಲಿ ಬಲ್ಲವನಾಗಿದ್ದವನು ಫೆಬ್ರವರಿಗೆ ದಡ್ಡನಾಗುತ್ತಾನೆಯೆ?

ಸೋಲಿನ ಬೇರು ಬೇರೆ ಕಡೆ ಇತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನು ಕೃತಕ ಹುಲ್ಲಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ಪು ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಮಣ್ಣಿನ ಬಯಲಿನಲ್ಲಿ ಮಣಿಕಟ್ಟಿನ ಚಳಕದಿಂದ ಗೆಲ್ಲುತ್ತಿದ್ದವರಿಗೆ ಓಟದ ವೇಗವೂ ಹೊಡೆತದ ಬಲವೂ ಮುಖ್ಯವಾದ ಹೊಸ ಆಟ ಎದುರಾಯಿತು. ಶ್ರೀಮಂತ ದೇಶಗಳ ಮಕ್ಕಳು ಆ ಹಾಸಿನ ಮೇಲೆಯೇ ಬೆಳೆದರು. ನಮ್ಮವರು ಮಣ್ಣಿನಲ್ಲಿ ಕಲಿತು, ದೊಡ್ಡವರಾದ ಮೇಲೆ ಅದರ ಮೇಲೆ ಕಾಲಿಟ್ಟರು. ಇದು ಸರಕಾರದ ಮತ್ತು ಹಾಕಿ ಆಡಳಿತದ ಲೆಕ್ಕಕ್ಕೆ ಸೇರಬೇಕಾದ ಸೋಲು. ಸಾರ್ವಜನಿಕರ ಸಿಟ್ಟಿಗೆ ಸಿಕ್ಕುವವನು ಮಾತ್ರ ಬೆಂಚಿನ ಮೇಲೆ ಕುಳಿತ ಗುರು. ಹಳೆಯ ಮಗ್ಗ ಕೊಟ್ಟು, ಬಟ್ಟೆ ಒರಟಾಯಿತೆಂದು ನೇಕಾರನಿಗೆ ದಂಡ ಹಾಕುವ ಧಣಿಗಳ ನ್ಯಾಯ ಇದು. 2020ರಲ್ಲಿ ಗಣೇಶ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಸಂತೋಷ. ಆದರೆ ಅವರು ಆಡಿ ಅರ್ಧ ಶತಮಾನವಾಗುತ್ತ ಬಂದಿತ್ತು, ಲಾಹೋರ್ ಮುಗಿದು ಮೂವತ್ತು ವರ್ಷವಾಗಿತ್ತು.

ಇನ್ನು ಆ ಮಾಂಟ್ರಿಯಲ್ ಇರುವ ಕೆನಡಾ ದೇಶದ ಒಂದು ಬಾಳನ್ನು ನೋಡೋಣ. ಅಲ್ಲಿಯವರಿಗೆ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಪಾದರಕ್ಷೆಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುತ್ತ ಆಡುತ್ತಾರೆ. ನಮ್ಮ ದೇಶದಲ್ಲೂ ಲಡಾಖಿನಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಈ ಆಟ ನಡೆಯುತ್ತದೆ. 2025ರ ಏಷ್ಯಾ ಕಪ್ಪಿನಲ್ಲಿ ಭಾರತದ ಹೆಣ್ಣುಮಕ್ಕಳು ಕಂಚು ಗೆದ್ದು ತಂದರು. ಕೆನಡಾ ಅಮೆರಿಕಗಳಲ್ಲಿ ಮಾತ್ರ ಅದು ಬಹುಕಾಲದಿಂದ ದೊಡ್ಡ ಧಣಿಗಳ ವ್ಯಾಪಾರ.

1925ರಲ್ಲಿ ಕೆನಡಾದಲ್ಲಿ ಹುಟ್ಟಿದ ಟೆಡ್ ಲಿಂಡ್ಸೆ, ಮೋಟಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟಿನ ತಂಡಕ್ಕೆ ಆಡಿದವನು. ತಂಡದ ನಾಯಕನಾಗಿದ್ದವನು, ಆ ಆಟದ ಅತಿ ದೊಡ್ಡ ಬಹುಮಾನವಾದ ಸ್ಟಾನ್ಲಿ ಕಪ್ಪನ್ನು ನಾಲ್ಕು ಸಲ ಗೆದ್ದವನು. ಆಟಗಾರರ ಸಂಬಳದಿಂದ ಪಿಂಚಣಿ ನಿಧಿಗೆ ಹಣ ಮುರಿಯುತ್ತಿದ್ದರು. ಆ ನಿಧಿಯ ಲೆಕ್ಕ ತೋರಿಸಿ ಎಂದು ಲಿಂಡ್ಸೆ ಕೇಳಿದ. ತೋರಿಸಲಿಲ್ಲ. ಪ್ರಾವಿಡೆಂಟ್ ಫಂಡಿನ ಲೆಕ್ಕ ಕೇಳಿ ಬೈಸಿಕೊಂಡ ನಮ್ಮ ಸಂಗಾತಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಅವನು ಬೇರೆ ಬೇರೆ ತಂಡದವರನ್ನು ಸೇರಿಸಿ ಆಟಗಾರರ ಸಂಘ ಕಟ್ಟಿದ. ಆ ಸಾಲಿನ ಆಟದಲ್ಲಿ ಅವನ ಅಂಕಗಳು ಅವನ ಬಾಳಿನಲ್ಲೇ ಅತಿ ಹೆಚ್ಚು. ಆದರೂ ಅದೇ ಬೇಸಿಗೆಯಲ್ಲಿ ಅವನನ್ನು ಶಿಕಾಗೋ ತಂಡಕ್ಕೆ ಸಾಗಹಾಕಿದರು. ಆಗ ಅದು ಕಟ್ಟಕಡೆಯಲ್ಲಿ ಬಿದ್ದಿದ್ದ ತಂಡ. ಯೂನಿಯನ್ ಕಟ್ಟಿದವನನ್ನು ದೂರದ ಶಾಖೆಗೆ ವರ್ಗ ಮಾಡುವ ವಿದ್ಯೆ ಎಲ್ಲ ದೇಶದ ಮಾಲೀಕರಿಗೂ ಬರುತ್ತದೆ.

ಸಂಘ ಮುರಿಯಿತು. ಆದರೆ 1958ರಲ್ಲಿ ಮಾಲೀಕರು ಕನಿಷ್ಠ ಸಂಬಳವೂ ಸೇರಿ ಕೆಲವು ಬೇಡಿಕೆಗಳಿಗೆ ಒಪ್ಪಬೇಕಾಯಿತು. 1967ರಲ್ಲಿ ಆಟಗಾರರ ಸಂಘ ಮತ್ತೆ ಎದ್ದು ನಿಂತಿತು. ಆ ಸಂಘದ ಮುಖಂಡನಾದ ವಕೀಲನೇ ವಂಚನೆ ಮಾಡಿ 1998ರಲ್ಲಿ ಸೆರೆಮನೆಗೆ ಹೋದ ಎಂಬುದನ್ನೂ ಮುಚ್ಚಿಡಬಾರದು. ಮಾಲೀಕನ ಲೆಕ್ಕ ಕೇಳುವ ಕಣ್ಣು ನಮ್ಮವರ ಲೆಕ್ಕವನ್ನೂ ನೋಡುತ್ತಿರಬೇಕು. ಇನ್ನು ಲಿಂಡ್ಸೆ 1977ರಲ್ಲಿ ಡೆಟ್ರಾಯಿಟ್ ತಂಡಕ್ಕೆ ಮ್ಯಾನೇಜರನಾಗಿ ಮರಳಿದ. 1980ರಲ್ಲಿ ತರಬೇತುದಾರನೂ ಆದ. ಇಪ್ಪತ್ತು ಪಂದ್ಯಗಳಲ್ಲಿ ಮೂರು ಮಾತ್ರ ಗೆದ್ದದ್ದರಿಂದ ಕೆಲಸ ಹೋಯಿತು. ಇಪ್ಪತ್ತೇ ಪಂದ್ಯ! ಆಡುವಾಗ ಹದಿನೇಳು ಸಾಲು ಬೆವರಿದವನಿಗೆ ಕಲಿಸಲು ಕೊಟ್ಟದ್ದು ಒಂದು ಸಾಲಿನ ಕಾಲುಭಾಗ.

ಈಗ ನಮ್ಮ ಜಿಲ್ಲೆಗೆ ಬರೋಣ. ಪದ್ಮಶ್ರೀ, ಸ್ಟಾನ್ಲಿ ಕಪ್ಪು ಇವೆಲ್ಲ ದೊಡ್ಡವರ ಮಾತು. ದೊಡ್ಡವರಿಗೇ ಹೀಗಾದರೆ ತಾಲ್ಲೂಕು ಮೈದಾನದಲ್ಲಿ ಸೀಟಿ ಹಿಡಿದು ನಿಂತವನ ಗತಿಯೇನು?

ನಾವು ಉಪಾಧ್ಯಾಯರಾಗಿದ್ದಾಗ ಕಂಡದ್ದನ್ನು ಹೇಳುತ್ತೇವೆ. ಒಂದು ತಾಲ್ಲೂಕು ಕೇಂದ್ರಕ್ಕೆ ಹಾಕಿ ಕಲಿಸಲು ಒಬ್ಬರನ್ನು ಗುತ್ತಿಗೆಯ ಮೇಲೆ ನೇಮಿಸಿದ್ದರು. ರಾಜ್ಯದ ತಂಡಕ್ಕೆ ಆಡಿ ಮೊಣಕಾಲು ಕೆಡಿಸಿಕೊಂಡಿದ್ದ ಮನುಷ್ಯ. ಸಂಬಳ ಮೂರು ತಿಂಗಳಿಗೊಮ್ಮೆ, ಅದೂ ಓಡಾಡಿದರೆ. ಬೆಳಗ್ಗೆ ಐದೂವರೆಗೆ ಮೈದಾನದಲ್ಲಿರುತ್ತಿದ್ದರು. ನಮ್ಮ ಶಾಲೆಯಿಂದ ಹೋಗುತ್ತಿದ್ದ ಹಮಾಲಿಯೊಬ್ಬರ ಮಗ ಎಂಟು ತಿಂಗಳಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಓಡುವುದನ್ನು ಕಲಿತ. ಹನ್ನೊಂದನೆಯ ತಿಂಗಳಿಗೆ ಗುತ್ತಿಗೆ ಮುಗಿಯಿತು. ನವೀಕರಣದ ಕಾಗದ ಯಾವುದೋ ಮೇಜಿನ ಮೇಲೆ ಮಲಗಿತು. ಆ ಮನುಷ್ಯ ಬೆಂಗಳೂರಿಗೆ ಹೋಗಿ ಒಂದು ಕಟ್ಟಡದ ಕಾವಲಿಗೆ ಸೇರಿದರು. ಹುಡುಗ ಮಾತ್ರ ಹದಿನೈದು ದಿನ ಕೋಲು ಹಿಡಿದು ಮೈದಾನಕ್ಕೆ ಹೋಗಿ ಬಂದ. ‘ಮೇಷ್ಟ್ರೇ, ನಾಳೆ ಬರ್ತಾರಾ?’ ಎಂದು ಕೇಳುತ್ತಿದ್ದ. ನಮ್ಮಲ್ಲಿ ಉತ್ತರವಿರಲಿಲ್ಲ. ಹದಿನಾರನೆಯ ದಿನ ಅವನು ಅಪ್ಪನ ಜೊತೆ ಮೂಟೆ ಹೊರಲು ಮಂಡಿಗೆ ಹೋದ.

ಕಲಿಸುವವನನ್ನು ಉಳಿಸಿಕೊಳ್ಳುವ ದಾರಿ ನಮ್ಮವರಿಗೆ ಗೊತ್ತಿರಲಿಲ್ಲವೆ? ಗುಬ್ಬಿಯ ನಾಟಕ ಕಂಪನಿಯನ್ನು ನೆನೆಯಿರಿ. 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ಬೆಳೆದ ಆ ಕಂಪನಿಯಲ್ಲಿ ಚಿಕ್ಕ ಹುಡುಗರು ಹಿರಿಯ ನಟರ ಜೊತೆಯಲ್ಲೇ ಉಂಡು, ಮಲಗಿ, ಹಾಡು ಮಾತು ಅಭಿನಯ ಕಲಿತರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲರೂ ಆ ಚಪ್ಪರದ ಕೆಳಗೆ ಪಳಗಿದವರೇ. ಕುಣಿಗಲ್ಲಿನ ಕುದುರೆ ಫಾರಂ ಕಥೆಯೂ ಬಲ್ಲಿರಿ. ಓಟದಲ್ಲಿ ಗೆದ್ದ ಕುದುರೆಗೆ ಓಟ ಮುಗಿದ ಮೇಲೂ ಬೆಲೆಯುಂಟು. ಅದರ ಗುಣ ಮರಿಗೆ ಇಳಿಯಲೆಂದು ಕೊಟ್ಟಿಗೆ, ಹುರುಳಿ, ವೈದ್ಯ ಎಲ್ಲ ಒದಗಿಸುತ್ತಾರೆ. ಕುದುರೆಯ ರಕ್ತದ ಮೇಲೆ ಇರುವ ಕಾಳಜಿ ಮನುಷ್ಯನ ವಿದ್ಯೆಯ ಮೇಲೆ ಇಲ್ಲವೆಂದರೆ ನಾಚಿಕೆಯಾಗಬೇಕಾದದ್ದು ಯಾರಿಗೆ?

ಸೋತವನನ್ನು ಇಟ್ಟುಕೊಂಡರೆ ಸೋಮಾರಿತನ ಬೆಳೆಯುವುದಿಲ್ಲವೇ, ಮಾಲು ಹೋಗದಿದ್ದರೆ ಅಂಗಡಿ ಮುಚ್ಚುವುದಿಲ್ಲವೇ ಎಂದು ವ್ಯಾಪಾರಿ ಮಿತ್ರರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಕೆಲಸ ಮಾಡದವನನ್ನು ಹೊರಬೇಕೆಂದು ನಾವು ಹೇಳುವುದಿಲ್ಲ. ಬೆಳಗ್ಗೆ ಮೈದಾನಕ್ಕೆ ಬರುತ್ತಾನೆಯೆ, ಎಷ್ಟು ಮಕ್ಕಳು ನಿಂತಿದ್ದಾರೆ, ಹೋದ ವರ್ಷ ಬಾರದ ವಿದ್ಯೆ ಈ ವರ್ಷ ಬಂದಿದೆಯೆ ಎಂದು ನೋಡಿ. ಅಳೆಯುವುದಕ್ಕೆ ಇವು ಸಾಲದೆ? ಆದರೆ ಈ ಜಿಲ್ಲೆಯಲ್ಲಿ ತೆಂಗಿನ ಸಸಿ ನೆಟ್ಟು ಎರಡನೆಯ ವರ್ಷಕ್ಕೇ ಕಾಯಿ ಕೇಳುವ ಮೂಢ ಯಾವನಿದ್ದಾನೆ? ಮಕ್ಕಳನ್ನು ಬೆಳೆಸುವವನಿಗೆ ಮಾತ್ರ ಹನ್ನೊಂದು ತಿಂಗಳ ಗಡುವು!

ಆದ್ದರಿಂದ ನಮ್ಮ ಒತ್ತಾಯ ಇದು. ತಾಲ್ಲೂಕಿಗೆ ಒಬ್ಬರಾದರೂ ಖಾಯಂ ತರಬೇತುದಾರರಿರಲಿ. ಅವರಿಗೆ ತಿಂಗಳ ಸಂಬಳ ತಿಂಗಳಿಗೆ ಸಿಗಲಿ, ಪಿಂಚಣಿಯೂ ಇರಲಿ. ಆಡಿ ನಿವೃತ್ತರಾದವರಿಗೆ ಕಲಿಸುವ ವಿದ್ಯೆಯನ್ನು ಸರಕಾರದ ಖರ್ಚಿನಲ್ಲಿ ಕೊಡಿಸಲಿ. ಪಟಿಯಾಲದಲ್ಲಿ 1961ರಿಂದಲೇ ಅದಕ್ಕೊಂದು ರಾಷ್ಟ್ರೀಯ ಸಂಸ್ಥೆ ಇದೆ. ಚೆನ್ನಾಗಿ ಆಡಬಲ್ಲವರೆಲ್ಲ ಚೆನ್ನಾಗಿ ಕಲಿಸಬಲ್ಲರು ಎಂಬ ಭ್ರಮೆ ಬೇಡ. ಮೈದಾನದ ಹಣದ ಲೆಕ್ಕವನ್ನು ಮೈದಾನದ ಗೋಡೆಗೇ ಅಂಟಿಸಲಿ.

ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಸಂಗಾತಿಗಳು ತಮ್ಮ ತಮ್ಮ ಊರಿನ ಮೈದಾನಕ್ಕೆ ಒಂದು ಬೆಳಗ್ಗೆ ಹೋಗಿ ನೋಡಬೇಕು. ಅಲ್ಲಿ ಕಲಿಸುವವರಿದ್ದರೆ ಅವರಿಗೆ ಹೋದ ತಿಂಗಳ ಸಂಬಳ ಬಂದಿದೆಯೇ ಎಂದು ಕೇಳಿ. ಯಾರೂ ಇಲ್ಲದಿದ್ದರೆ ಯಾಕಿಲ್ಲ ಎಂದು ಅಧಿಕಾರಿಗಳನ್ನು ಕೇಳಿ. ಉತ್ತರ ಏನೇ ಬರಲಿ, ನಮಗೆ ಬರೆದು ತಿಳಿಸಿ. ಕೋಲು ಹಿಡಿದು ಕಾಯುವ ಹುಡುಗರು ಇನ್ನೂ ಇದ್ದಾರೆ. ಹದಿನಾರನೆಯ ದಿನ ಬರುವುದರೊಳಗೆ ನಾವು ಅಲ್ಲಿ ತಲುಪಬೇಕು.