ಫ್ರೀಜರ್ ತಣ್ಣಗಿದೆ, ಕೆಳಗೆ ಹಾಲು ಒಡೆದಿದೆ!

ಮೇಲೆ ಐಸ್‌ಕ್ರೀಂ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಕೆಳಗೆ ಬೆಳಿಗ್ಗೆ ಇಟ್ಟ ಹಾಲು ಸಂಜೆ ಕಾಯಿಸೋಕೆ ಹೋದರೆ ಒಡೆದುಹೋಯ್ತು. ಕೊತ್ತಂಬರಿ ಸೊಪ್ಪು ಬಾಡಿದೆ, ನಿನ್ನೆ ರುಬ್ಬಿಟ್ಟ ದೋಸೆ ಹಿಟ್ಟು ಹುಳಿ ಬಂದು ಡಬ್ಬಿಯ ಮುಚ್ಚಳವನ್ನೇ ಎತ್ತಿದೆ. ನಿಮ್ಮ ಮನೆಯ ಫ್ರಿಜ್ ಎಂದಾದರೂ ಹೀಗೆ ಕೈಕೊಟ್ಟಿದೆಯಾ?

ನಮ್ಮ ಮನೆಯಲ್ಲಿ ಹೀಗಾಗಿದ್ದು ವರಮಹಾಲಕ್ಷ್ಮಿ ಹಬ್ಬದ ಮರುದಿನ. ಉಳಿದ ಹೂರಣ, ತುರಿದಿಟ್ಟ ತೆಂಗಿನಕಾಯಿ, ನಾಲ್ಕು ಪ್ಯಾಕೆಟ್ ಹಾಲು, ಎಲ್ಲಕ್ಕಿಂತ ಮುಖ್ಯವಾಗಿ ಅತ್ತೆಯವರ ಇನ್ಸುಲಿನ್, ಎಲ್ಲವೂ ಒಳಗಿದ್ದವು. ‘ಬಾಗಿಲು ಸರಿಯಾಗಿ ಹಾಕಿದ್ಯೇನಮ್ಮಾ?’ ಅಂದರು ಅತ್ತೆ. ‘ಅಷ್ಟೊಂದು ತುರುಕಿದ್ರೆ ಇನ್ನೇನಾಗುತ್ತೆ’ ಅಂದರು ನಮ್ಮನೆಯವರು. ಫ್ರಿಜ್ ಕೆಟ್ಟರೆ ಮೊದಲ ತಪ್ಪಿತಸ್ಥೆ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ.

ಬಂದ ಮೆಕ್ಯಾನಿಕ್ ಒಳಗೆ ಕೈಯಿಟ್ಟು ನೋಡಿ, ಎರಡೇ ನಿಮಿಷದಲ್ಲಿ ‘ಗ್ಯಾಸ್ ಹೋಗಿದೆ ಮೇಡಂ’ ಅಂದ. ಫ್ರಿಜ್ಜನ್ನು ಅಂಗಡಿಗೆ ಸಾಗಿಸಿ ಮಾರನೇ ದಿನ ಸಂಜೆ ತಂದುಕೊಟ್ಟ. ಮೂರೂವರೆ ಸಾವಿರ ರೂಪಾಯಿ ಎಣಿಸಿಕೊಟ್ಟೆವು. ತಣ್ಣಗಾಯ್ತು, ನೆಮ್ಮದಿ ಆಯ್ತು. ಹನ್ನೆರಡೇ ದಿನ! ಹದಿಮೂರನೇ ದಿನ ಮತ್ತೆ ಹಾಲು ಒಡೆಯಿತು.

ಈ ಸಲ ಬೇರೆಯವರನ್ನು ಕರೆಸಿದೆವು. ವಯಸ್ಸಾದ ಮೆಕ್ಯಾನಿಕ್. ನಾನು ‘ಮತ್ತೆ ಗ್ಯಾಸ್ ಹೋಗಿದೆ ಅನ್ಸುತ್ತೆ’ ಅಂದಾಗ ಅವರು ನಕ್ಕು, ‘ಗ್ಯಾಸ್ ಹೋಗಿದ್ರೆ ಮೇಲೆ ಐಸ್ ಹೆಂಗಮ್ಮ ಕಟ್ಟುತ್ತೆ?’ ಅಂದರು. ಎಷ್ಟು ಸರಳ ಪ್ರಶ್ನೆ! ಮೂರೂವರೆ ಸಾವಿರ ಕೊಡೋ ಮುಂಚೆ ನನಗೇ ಯಾಕೆ ಹೊಳೆಯಲಿಲ್ಲ ಅಂತ ಹೊಟ್ಟೆ ಉರಿಯಿತು. ಫ್ರೀಜರ್ ಚೆನ್ನಾಗಿ ತಣ್ಣಗಿದ್ದರೆ ಗ್ಯಾಸ್ ಮೇಲಿನ ಅನುಮಾನ ಕೊನೆಯದಾಗಿರಬೇಕು, ಮೊದಲನೆಯದಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ತಂಪು ಬರುವ ದಾರಿ

ನಮ್ಮಲ್ಲಿ ಬಹುತೇಕ ಡಬಲ್ ಡೋರ್ ಫ್ರಿಜ್‌ಗಳಲ್ಲಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರ್‌ನ ಹಿಂದಿನ ಫಲಕದೊಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ. ಅಲ್ಲಿಂದ ಒಂದು ಪುಟ್ಟ ಫ್ಯಾನ್ ತಣ್ಣನೆ ಗಾಳಿಯನ್ನು ಕಿಂಡಿಗಳ ಮೂಲಕ ಕೆಳಗೆ ತಳ್ಳುತ್ತದೆ. ಕಾಯಿಲ್ ಮೇಲೆ ಕಟ್ಟುವ ಮಂಜನ್ನು ಆಗಾಗ ಕರಗಿಸಲು ಒಂದು ಹೀಟರ್ ಇರುತ್ತದೆ. ಈ ಹೀಟರ್, ಅದರ ಸೆನ್ಸರ್ ಅಥವಾ ಟೈಮರ್ ಕೆಟ್ಟರೆ ಮಂಜು ಕರಗುವುದಿಲ್ಲ, ಕಾಯಿಲ್ ಸುತ್ತ ಐಸ್ ಗೋಡೆ ಎದ್ದು ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಫ್ರೀಜರ್ ಇನ್ನೂ ಕೆಲವು ದಿನ ತಣ್ಣಗೇ ಇರುತ್ತದೆ, ಕೆಳಗೆ ಮಾತ್ರ ಬಿಸಿಯೇರುತ್ತದೆ.

ನಮ್ಮನೆಯದ್ದೂ ಅದೇ ಕಥೆ. ಕೆಟ್ಟಿದ್ದು ಸೆನ್ಸರ್. ಹಾಗಾದರೆ ಮೊದಲ ರಿಪೇರಿ ಹನ್ನೆರಡು ದಿನ ಕೆಲಸ ಮಾಡಿದ್ದು ಹೇಗೆ? ಅಂಗಡಿಯಲ್ಲಿ ಫ್ರಿಜ್ ಆಫ್ ಆಗಿ ನಿಂತಿತ್ತಲ್ಲ, ಆಗ ಐಸ್ ತಾನಾಗಿಯೇ ಕರಗಿತ್ತು! ಅದನ್ನು ನಾವು ಪುಕ್ಕಟೆಯಾಗಿ ಮನೆಯಲ್ಲೇ ಮಾಡಬಹುದಿತ್ತು.

ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಮೇಲಿನ ಐಸ್ ಪೆಟ್ಟಿಗೆಯ ತಂಪು ತಾನಾಗಿ ಕೆಳಗಿಳಿಯುತ್ತದೆ. ಐಸ್ ಬೆರಳು ದಪ್ಪ ಕಟ್ಟಿದರೆ, ಅಥವಾ ಪೆಟ್ಟಿಗೆಯ ಕೆಳಗಿನ ಟ್ರೇಯಲ್ಲಿ ಹಾಲಿನ ಪ್ಯಾಕೆಟ್ ಒತ್ತೊತ್ತಾಗಿ ತುಂಬಿದರೆ ಆ ತಂಪು ಇಳಿಯದು. ಡಿಫ್ರಾಸ್ಟ್ ಗುಂಡಿ ಒತ್ತಲು ಮರೆಯುವುದೇ ಅಲ್ಲಿ ದೊಡ್ಡ ಕಾಯಿಲೆ. ಕೆಲವು ದುಬಾರಿ ಮಾಡೆಲ್‌ಗಳಲ್ಲಿ ಮೇಲಿನ ಮತ್ತು ಕೆಳಗಿನ ಭಾಗಗಳಿಗೆ ಬೇರೆ ಬೇರೆ ಕಾಯಿಲ್ ಇರುತ್ತದೆ. ಅಲ್ಲಿ ಈ ಲೆಕ್ಕ ಅನ್ವಯಿಸದು, ಕಂಪನಿಯವರನ್ನೇ ಕೇಳಿ.

ಫೋನ್ ಮಾಡುವ ಮುಂಚೆ

ಮೊದಲು ಗುಂಡಿಗಳನ್ನು ನೋಡಿ. ಐಸ್ ಬೇಗ ಆಗಲಿ ಅಂತ ಮಕ್ಕಳು ಫ್ರೀಜರ್ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿರುತ್ತಾರೆ. ಹಲವು ಡಬಲ್ ಡೋರ್ ಮಾಡೆಲ್‌ಗಳಲ್ಲಿ ಆಗ ಕೆಳಗೆ ಹೋಗುವ ಗಾಳಿಯೇ ಕಡಿಮೆಯಾಗುತ್ತದೆ. ಮಧ್ಯಕ್ಕೆ ತಂದು ಒಂದು ದಿನ ಕಾಯಿರಿ.

ಗಾಳಿ ಕಿಂಡಿಗಳನ್ನು ನೋಡಿ. ಮೇಲೆ ಬಟಾಣಿ ಪ್ಯಾಕೆಟ್, ಕೆಳಗೆ ಸಾರಿನ ಪಾತ್ರೆ ಕಿಂಡಿಗೆ ಅಂಟಿ ಕೂತಿಲ್ಲ ತಾನೇ? ಹಿಂದಿನ ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಡಿ.

ಬಾಗಿಲಿನ ರಬ್ಬರ್ ಪರೀಕ್ಷಿಸಿ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿ ನೋಡಿ, ಎಷ್ಟೋ ಸಲ ಜಿಡ್ಡು ಹೋದರೆ ಸರಿಯಾಗುತ್ತದೆ.

ಫ್ಯಾನ್ ಸದ್ದು ಆಲಿಸಿ. ಬಾಗಿಲು ತೆಗೆದರೆ ಹಲವು ಮಾಡೆಲ್‌ಗಳಲ್ಲಿ ಫ್ಯಾನ್ ನಿಲ್ಲುತ್ತದೆ. ಬಾಗಿಲ ಅಂಚಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿಹಿಡಿಯಿರಿ. ಮೋಟಾರ್ ಓಡುತ್ತಿದ್ದರೂ ಗುಂಯ್ ಅನ್ನುವ ಸದ್ದು ಇಲ್ಲದಿದ್ದರೆ ಫ್ಯಾನ್ ಮೇಲೆ ಅನುಮಾನ ಪಡಬಹುದು.

ಇಷ್ಟಾದರೂ ಸರಿಹೋಗಲಿಲ್ಲವೇ? ಪ್ಲಗ್ ಕಿತ್ತು, ಎಲ್ಲ ಖಾಲಿ ಮಾಡಿ, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಫಲಕದ ಹಿಂದಿನ ಐಸ್ ಕಾಣುವುದಿಲ್ಲ, ಅದಕ್ಕೇ ಅಷ್ಟು ಹೊತ್ತು ಬೇಕು. ಕೆಳಗೆ ಹಳೇ ಟವೆಲ್ ಹಾಸಿ. ಪಕ್ಕದ ಮನೆಯವರ ಫ್ರಿಜ್ಜನ್ನು ಒಂದು ದಿನ ಸಾಲ ಕೇಳಿ, ಕೊಡದೇ ಇರುತ್ತಾರೆಯೇ? ಆಮೇಲೆ ಹಾಕಿದಾಗ ಚೆನ್ನಾಗಿ ತಣ್ಣಗಾಗಿ, ಕೆಲವು ದಿನಗಳ ನಂತರ ಮತ್ತೆ ಹಾಗೇ ಆದರೆ, ಕೆಟ್ಟಿರುವುದು ಬಹುಪಾಲು ಐಸ್ ಕರಗಿಸುವ ಭಾಗಗಳೇ. ಆಗ ಮೆಕ್ಯಾನಿಕ್‌ಗೆ ಧೈರ್ಯವಾಗಿ ‘ಹೀಟರ್, ಸೆನ್ಸರ್ ಚೆಕ್ ಮಾಡಿ’ ಅನ್ನಿ.

ಹಾಗಂತ ಗ್ಯಾಸ್ ಹೋಗುವುದೇ ಇಲ್ಲ ಅಂತಲ್ಲ. ಸ್ವಲ್ಪ ಸೋರಿದಾಗಲೂ ಮೇಲೆ ಒಂದಷ್ಟು ತಂಪಿರುತ್ತದೆ. ಆದರೆ ಐಸ್‌ಕ್ರೀಂ ಮೆತ್ತಗಾಗುತ್ತದೆ, ಕಾಯಿಲ್‌ನ ಒಂದು ಮೂಲೆಯಲ್ಲಷ್ಟೇ ಮಂಜು ಕಾಣುತ್ತದೆ, ಮೋಟಾರ್ ನಿಲ್ಲದೆ ಓಡುತ್ತದೆ. ಆಗಲೂ ಸೋರುವ ಜಾಗ ಹುಡುಕಿ ಮುಚ್ಚದೆ ಬರೀ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹಾಕಿದ ಹಾಗೆ.

ಇವನ್ನು ಮಾತ್ರ ಮಾಡಬೇಡಿ

ಐಸನ್ನು ಚಾಕುವಿನಿಂದ ಕೆರೆಯಬೇಡಿ. ಕಾಯಿಲ್ ತೂತಾದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ! ಹಿಂದಿನ ಫಲಕ, ವೈರು ಬಿಚ್ಚುವ ಸಾಹಸವೂ ಬೇಡ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್ ಬೆಂಕಿ ಹತ್ತಿಕೊಳ್ಳುವಂಥದ್ದು. ಯಾವ ಗ್ಯಾಸ್ ಅಂತ ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ. ಆ ಕೆಲಸ ಬಲ್ಲವರೇ ಮಾಡಬೇಕು.

ಇನ್ನು ನಾನು ಮಾಡಹೊರಟಿದ್ದ ದೊಡ್ಡ ತಪ್ಪು. ಕೆಳಗೆ ತಂಪಿಲ್ಲವಲ್ಲ ಅಂತ ಅತ್ತೆಯವರ ಇನ್ಸುಲಿನ್ ಬಾಟಲಿಯನ್ನು ಫ್ರೀಜರ್‌ಗೆ ಹಾಕಲು ಕೈ ಚಾಚಿದ್ದೆ. ಮೆಡಿಕಲ್ ಶಾಪ್‌ನವರನ್ನು ಫೋನಿನಲ್ಲಿ ಕೇಳಿದ್ದಕ್ಕೆ ಉಳಿದುಕೊಂಡೆ. ಒಡೆಯದ ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ನೋಡಲು ಮಾಮೂಲಿಯಂತೆಯೇ ಕಂಡರೂ ಸರಿಯಾಗಿ ಕೆಲಸ ಮಾಡದಿರಬಹುದು. ಫ್ರಿಜ್ ಕೆಟ್ಟ ದಿನ ಅದನ್ನು ಪಕ್ಕದ ಮನೆಯ ಫ್ರಿಜ್‌ನ ಕೆಳಭಾಗದಲ್ಲಿಡಿ. ಬಿಸಿಯಲ್ಲಿ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲದಿದ್ದರೆ ಬಳಸುವ ಮುಂಚೆ ವೈದ್ಯರನ್ನು ಕೇಳಿ.

ಅಡುಗೆಯ ವಿಷಯದಲ್ಲೂ ಅಷ್ಟೇ. ಫ್ರಿಜ್‌ನ ಕೆಳಭಾಗ 5 ಡಿಗ್ರಿಗಿಂತ ಕಡಿಮೆ ಇರಬೇಕು. ಮೇಲಿದ್ದರೆ ರೋಗಾಣುಗಳಿಗೆ ಹಬ್ಬ. ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಂಪಿಲ್ಲದ ಫ್ರಿಜ್ ಕೂಡ ‘ಹೊರಗೆ’ ಇದ್ದ ಹಾಗೇ. ‘ವಾಸನೆ ಬಂದಿಲ್ಲ, ಕುದಿಸಿದರಾಯ್ತು’ ಅಂತ ನಾವು ಹೆಂಗಸರೇ ಉಳಿದದ್ದನ್ನು ತಿಂದುಬಿಡುತ್ತೇವೆ. ರಾತ್ರಿಯೆಲ್ಲ ಹಾಗಿದ್ದ ಪಲ್ಯ, ಅನ್ನ, ಮಾಂಸದಡುಗೆಯನ್ನು ಚೆಲ್ಲಿಬಿಡಿ. ಹೊಟ್ಟೆಗಿಂತ ಪಲ್ಯ ದೊಡ್ಡದಲ್ಲ.

ಬಾಯಿ ಬಿಟ್ಟು ಕೇಳೋಣ

ರಿಪೇರಿಯವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನನಗೆ ಪಾಠ ಕಲಿಸಿದವರೂ ಒಬ್ಬ ಮೆಕ್ಯಾನಿಕ್ಕೇ. ಆದರೆ ಮನೆಯಲ್ಲಿ ಹೆಂಗಸರಷ್ಟೇ ಇದ್ದಾರೆ, ಇವರಿಗೇನು ಗೊತ್ತಾಗುತ್ತೆ ಅನ್ನುವ ಧೋರಣೆ ಕೆಲವರಲ್ಲಿದೆ. ಅದಕ್ಕೆ ನಮ್ಮ ಮೌನವೂ ಕಾರಣ. ದಿನಕ್ಕೆ ಐವತ್ತು ಸಲ ಆ ಬಾಗಿಲು ತೆಗೆಯುವವರು ನಾವು. ಯಾವತ್ತಿನಿಂದ ಹೀಗಾಯ್ತು, ಸದ್ದು ಬದಲಾಯ್ತಾ, ಐಸ್ ಎಲ್ಲಿ ಕಟ್ಟಿದೆ, ಇವೆಲ್ಲ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾಗಿ ಕೇಳಿ. ಗ್ಯಾಸ್ ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಎಲ್ಲಿ ಸೋರಿದೆ, ತೋರಿಸಿ. ಬದಲಾಯಿಸಿದ ಹಳೇ ಭಾಗ ಕೊಡಿ. ವಾರಂಟಿ ಬರೆದ ಬಿಲ್ ಕೊಡಿ. ಬಿಲ್ ಇದ್ದು ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನನ್ನ ಕೈಯಲ್ಲಿ ಆ ಮೊದಲ ರಿಪೇರಿಯ ಬಿಲ್ಲೇ ಇರಲಿಲ್ಲ, ಮೂರೂವರೆ ಸಾವಿರ ಕೃಷ್ಣಾರ್ಪಣ!

ಈಗ ನಮ್ಮ ಫ್ರಿಜ್‌ನೊಳಗೆ ಪುಟ್ಟದೊಂದು ಥರ್ಮಾಮೀಟರ್ ಇದೆ. ಬೆಳಿಗ್ಗೆ ಹಾಲು ತೆಗೆಯುವಾಗ ಅದರ ಕಡೆ ಒಮ್ಮೆ ಕಣ್ಣು ಹಾಯಿಸುತ್ತೇನೆ. ಅತ್ತೆಯವರೂ ಇನ್ಸುಲಿನ್ ತೆಗೆದುಕೊಳ್ಳುವ ಮುಂಚೆ ‘ಎಷ್ಟಿದೆಯಮ್ಮಾ ಇವತ್ತು?’ ಅಂತ ಕೇಳುತ್ತಾರೆ. ‘ಬಾಗಿಲು ಹಾಕಿದ್ಯಾ?’ ಅಂತ ಮಾತ್ರ ಈಗ ಯಾರೂ ಕೇಳುವುದಿಲ್ಲ.